ಬಾಣಂತಿ ನೀರಿಗೊಂದು ದಾರಿ

ಹೆರದೆಯೇ ಬಾಣಂತನ ಮಾಡಿಸಿಕೊಂಡ ಗಂಡಸು ಈ ಮಲೇಷ್ಯಾದಲ್ಲಿ ಯಾರಾದರೂ ಇದ್ದರೆ ಅದು ನಾನು. ಮಾಡಿದವರು ನಮ್ಮ ಭಾವ. ನಗಬೇಕೆನಿಸಿದರೆ ನಕ್ಕುಬಿಡಿ, ಕಾಯುತ್ತೇನೆ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ನೀವು ನಕ್ಕು ಮುಗಿಸುವಷ್ಟರಲ್ಲಿ ಮುಂದಿನ ಸಾಲು ಸಿದ್ಧವಾಗಿರುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸುಬಾಂಗ್ ಜಯಾದಲ್ಲಿ ಒಂದಂತಸ್ತಿನ ಹಳೆಯ ಸಾಲುಮನೆ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆ ಕೆಲಸದ ಹೆಸರು ಟೆಸ್ಟಿಂಗ್. ಬೇರೆಯವರು ಮಾಡಿದ್ದನ್ನು ಎಳೆದಾಡಿ, ಕೆಡಿಸಿ ನೋಡಿ, ‘ಕೆಟ್ಟಿತು’ ಎಂದು ಹೇಳುವುದಕ್ಕೆ ಇವರಿಗೆ ಸಂಬಳ. ಮೊದಲ ಸಲ ಕೇಳಿದಾಗ ಇದೂ ಒಂದು ಕೆಲಸವೇ ಅನ್ನಿಸಿತ್ತು. ನಮ್ಮೂರಲ್ಲಿ ಇದನ್ನು ಪುಕ್ಕಟೆಯಾಗಿ ಮಾಡುವವರು ಪ್ರತಿ ಜಗಲಿಯ ಮೇಲೂ ಕೂತಿರುತ್ತಾರೆ. ಆದರೆ ನಮ್ಮ ಭಾವ ಆಫೀಸಿನಿಂದ ಬಂದ ಮೇಲೂ ಅದನ್ನು ನಿಲ್ಲಿಸುವುದಿಲ್ಲ. ಹೊಸ ಛತ್ರಿ ತಂದರೆ ಬಚ್ಚಲಲ್ಲಿ ಷವರ್ ಬಿಟ್ಟುಕೊಂಡು ಅದರ ಕೆಳಗೆ ನಿಂತು ನೋಡುತ್ತಾರೆ. ಮಾಮಕ್ ಅಂಗಡಿಗೆ, ಎಂದರೆ ಇಲ್ಲಿಯ ಬೀದಿ ಹೋಟೆಲಿಗೆ, ಚಹಾಕ್ಕೆ ಹೋದರೆ ಪ್ಲಾಸ್ಟಿಕ್ ಕುರ್ಚಿಯನ್ನು ಮೊದಲು ಅಲುಗಾಡಿಸುತ್ತಾರೆ, ಆಮೇಲೆ ಅದರಲ್ಲಿ ನನ್ನನ್ನು ಕೂರಿಸುತ್ತಾರೆ, ನಾನು ಬೀಳದಿದ್ದರೆ ನನ್ನನ್ನು ಎಬ್ಬಿಸಿ ತಾವು ಕೂರುತ್ತಾರೆ.

ಕಳೆದ ವರ್ಷ ನಿಲಾಯ್‌ನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ ಸಿಕ್ಕಿ ನಾನು ಇಲ್ಲಿಗೆ ಬಂದಾಗ ಭಾವನೇ ಏರ್‌ಪೋರ್ಟಿಗೆ ಬಂದಿದ್ದರು. ಸರಸರನೆ ಸಾಮಾನು ಎತ್ತಿಸಿ, ಸರಸರನೆ ಕಾರು ಹುಡುಕಿ, ಎಲ್ಲೂ ತಡವರಿಸದೆ ಮನೆ ಮುಟ್ಟಿಸಿದರು. ನಾನು ಮೆಚ್ಚಿ ಹೇಳಿದರೆ, “ನಿನ್ನೆ ದಿನಾನೇ ಒಂದ್ಸಲ ಹೋಗಿ ನಿನ್ನ ಕರ್ಕೊಂಡ್ ಬಂದಿದ್ನಲ್ಲಯ್ಯ” ಎಂದರು. ನಾನು ಆಗ ಇನ್ನೂ ಬೆಂಗಳೂರಿನಲ್ಲಿದ್ದೆ.

ಅಕ್ಕ ಈಗ ಇಲ್ಲ. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಭಾವನೂ ಹಾಗೆಯೇ ಹೇಳುವುದು.

ಒಬ್ಬಳೇ ಮಗಳು. ಅಳಿಯನಿಗೆ ಇಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಬಯಾನ್ ಲೆಪಾಸ್‌ನ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್ ಕೆಲಸ. ಅವಳು ಬಸುರಿಯಾದಾಗ ಅವಳ ಅತ್ತೆ, ಎಂದರೆ ನಮ್ಮ ಬೀಗಿತ್ತಿ, ಮೈಸೂರಿನಿಂದ ಬಂದು ಮಗನ ಮನೆಯಲ್ಲಿ ಇಳಿದರು. ಚೊಚ್ಚಲ ಬಾಣಂತನ ತವರಿನದು ಎಂದು ಭಾವ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ, ಫೋನು ಸ್ಪೀಕರಿನಲ್ಲಿತ್ತು.

“ಬೀಗ್ರೆ, ತಪ್ಪು ತಿಳ್ಕೋಬೇಡಿ. ಹೆಂಗಸಿಲ್ದಿರೋ ಮನೇಲಿ ಬಾಣಂತನ ಹೆಂಗೆ ಸಾಗತ್ತೆ? ಇಲ್ಲೇ ನಾನಿದ್ದೀನಲ್ಲ.”

“ನೀವಿದ್ದೀರಿ ಅಮ್ಮಾ, ಇಲ್ಲ ಅನ್ನಲ್ಲ. ಆದ್ರೂ ತವರುಮನೆ ಅಂತ ಒಂದಿದೆಯಲ್ಲ.”

“ತವರು ಅಂದ್ರೆ ತಾಯಿ ಅಲ್ವೆ?”

ಅಷ್ಟರಲ್ಲಿ ಮಗಳು ಫೋನು ಕಿತ್ತುಕೊಂಡಿರಬೇಕು. “ಅಪ್ಪಾ, ನಾನು ಅಲ್ಲಿಗೇ ಬರೋದು. ನೀವು ಮನೆ ರೆಡಿ ಇಟ್ಕೊಳ್ಳಿ” ಎಂದಳು. ಹಿಂದಿನಿಂದ ಬೀಗಿತ್ತಿಯ ದನಿ ಕೇಳಿತು: “ಸರಿ, ನಾನೂ ಜೊತೇಲಿ ಬರ್ತೀನಿ. ಮನೇಲಿ ಒಂದು ಕೊರತೆ ಕಂಡ್ರೂ ಬಂದ ಕಾರಲ್ಲೇ ವಾಪಸ್ ಕರ್ಕೊಂಡ್ ಬಂದ್ಬಿಡ್ತೀನಿ, ಹೇಳಿದೀನಿ.”

ಫೋನಿಟ್ಟ ಭಾವ ನನ್ನನ್ನು ನೋಡಿದರು. ಕುರ್ಚಿಯಲ್ಲಿ ಕೂರಿಸುವ ಮೊದಲು ನೋಡುತ್ತಾರಲ್ಲ, ಹಾಗೆ.

“ನೀನು ಒಂದಷ್ಟು ದಿನ ರಜ ಹಾಕಯ್ಯ. ಟೆಸ್ಟಿಂಗಿಗೆ ಒಬ್ರು ಬೇಕು.”

“ಏನ್ ಟೆಸ್ಟಿಂಗು ಭಾವ?”

“ಬಾಣಂತನ.”

ಊರಿನ ಮುದುಕಿಯರಿಗೆಲ್ಲ ಫೋನು ಮಾಡಿ ಕೇಳಿ ಕಲಿತುಕೊಂಡರು. ನನ್ನ ಕಿವಿಗೆ ಹತ್ತಿ ಇಟ್ಟರು, ತಲೆಗೆ ಉಣ್ಣೆಯ ಸ್ಕಾರ್ಫ್ ಕಟ್ಟಿದರು. ಇಲ್ಲಿಯ ಸೆಕೆ ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಸಾಂಬ್ರಾಣಿ ಹಾಕಿದರು. ಎದ್ದು ಓಡಾಡಿದರೆ “ಸೊಂಟಕ್ಕೆ ಗಾಳಿ ಹೊಕ್ಕತ್ತೆ, ಮಲ್ಕೋ” ಎಂದು ಗದರಿದರು. ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಅಂಟಿನುಂಡೆ. ಒಂದು ದಿನ ತಟ್ಟೆಯ ತುಂಬ ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸಿದರು.

“ತಿನ್ನು, ಹಾಲು ಚೆನ್ನಾಗಿ ಬರುತ್ತೆ.”

“ನಂಗಾ ಭಾವ?”

“ಟೆಸ್ಟಿಂಗಲ್ಲಿ ಎಲ್ಲಾ ರಿಸಲ್ಟೂ ಬರ್ಲೇಬೇಕು ಅಂತೇನಿಲ್ಲ.”

ಬಾಣಂತನದ ಜೀವಾಳ ನೀರು ಎರೆಯುವುದು. ಗೋಡೆಯ ಹೀಟರಿನಿಂದ ಪಿಚಕಾರಿಯಂತೆ ಬರುವ ನೀರು ಬಾಣಂತಿಗೆ ಯಾವ ಮೂಲೆಗೂ ಸಾಲದು. ಭಾವ ಒಲೆಯ ಮೇಲೆ ದೊಡ್ಡ ದೊಡ್ಡ ಪಾತ್ರೆಗಳನ್ನಿಟ್ಟು ಕಾಯಿಸಿ, ಬಚ್ಚಲಿನ ಡ್ರಮ್ಮಿಗೆ ತುಂಬಿ, ಚಡ್ಡಿಯಲ್ಲಿ ಮಣೆಯ ಮೇಲೆ ಕೂತ ನನ್ನ ಬೆನ್ನಿಗೆ ಚೊಂಬುಗಟ್ಟಲೆ ಸುರಿಯತೊಡಗಿದರು. ಬೆನ್ನು ಬೆಂದು ಬದನೆಕಾಯಿಯಾಯಿತು, ಆದರೆ ಸುಖವೂ ಆಗುತ್ತಿತ್ತು. ಇನ್ನೇನು ಅಲ್ಲೇ ನಿದ್ದೆ ಬರಬೇಕು, ನೆಲದೊಳಗೆಲ್ಲೋ ‘ಗುಳುಕ್’ ಎಂದಿತು. ಹೋಗುತ್ತಿದ್ದ ನೀರು ನಿಂತಿತು. ನಿಂತದ್ದು ಏರಿತು. ನನ್ನ ಮಣೆ ತೇಲಲು ನೋಡಿತು. ಅಡುಗೆಮನೆಯಲ್ಲಿ ಏನೋ ಉರುಳಿದ ಸದ್ದಾಯಿತೆಂದು ಓಡಿಹೋದರೆ, ಅಲ್ಲಿಯ ನೆಲದ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತಿದೆ. ಅಂಟಿನುಂಡೆಯ ಡಬ್ಬಿ ಅದರ ಮೇಲೆ ದೋಣಿಯ ಹಾಗೆ ಸಾಗುತ್ತಿದೆ. ವಾಸನೆಯ ವಿಚಾರ ಬಿಡಿ, ಊಟ ಮಾಡಿ ಓದುತ್ತಿರುವವರೂ ಇರಬಹುದು.

ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಮ್ಮ ಭಾವ ಮೊಣಕಾಲು ಮಟ್ಟಕ್ಕೆ ಪಂಚೆ ಎತ್ತಿ ಕಟ್ಟಿ ಆ ನೀರಿನ ನಡುವೆ ನಿಂತು, ಫಸ್ಟ್ ಕ್ಲಾಸು ಬಂದವರ ಹಾಗೆ ನಕ್ಕರು. “ನೋಡಿದ್ಯಾ? ಫೇಲಾಯ್ತು. ನಿನ್ ಮೇಲೆ ಫೇಲಾಯ್ತು. ಅವಳು ಮಗೂನ ಎತ್ಕೊಂಡ್ ಬಂದ್ಮೇಲೆ ಆಗಿದ್ರೆ?”

ಪ್ಲಂಬರ್ ಬಂದರು. ವಯಸ್ಸಾದ ಮಲಾಯ್ ಮನುಷ್ಯ. ಪಾಕ್‌ಚಿಕ್ ಎಂದು ಕರೆಯುತ್ತಿದ್ದೆವು, ನಮ್ಮಲ್ಲಿ ಚಿಕ್ಕಪ್ಪ ಅಂದ ಹಾಗೆ. ತಂತಿಯ ತುದಿಗೆ ಕ್ಯಾಮೆರಾ ಕಟ್ಟಿ ಪೈಪಿನೊಳಗೆ ಬಿಟ್ಟು ತೋರಿಸಿದರು. ಹಳೆಯ ಮಣ್ಣಿನ ಪೈಪು. ಬಚ್ಚಲಿಂದ ಹೊರಟು, ಅಡುಗೆಮನೆಯ ಕೆಳಗೆ ಹಾದು, ಹಿತ್ತಲ ಓಣಿಯ ಮ್ಯಾನ್‌ಹೋಲಿಗೆ ಸೇರುವಂಥದ್ದು. ಅಡುಗೆಮನೆಯ ಕೆಳಗೆ ನೆಲ ಕುಸಿದು ಅದು ಮುರಿದು ಬಿದ್ದಿತ್ತು. ನೆಲ ಒಡೆಯದೆ ಬೇರೆ ದಾರಿಯಿಲ್ಲ. ಒಡೆದರು. ಅದೇ ದಿನ ಬಯಾನ್ ಲೆಪಾಸ್‌ನಿಂದ ಫೋನು ಬಂತು, ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಗುಂಡಿಯೊಳಗೆ ನಿಂತು ಕೇಳಿದ ಅಜ್ಜ ಇವರೊಬ್ಬರೇ ಇರಬೇಕು.

ಒಲೆ ಕಾರು ನಿಲ್ಲಿಸುವ ಜಾಗಕ್ಕೆ ಬಂತು. ಉಳಿದ ಕೆಲಸಕ್ಕೆ ಮಾಮಕ್ ಅಂಗಡಿಯ ಕಕ್ಕಸೇ ಗತಿ. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ ಪ್ರತಿ ಸಲವೂ ಒಂದು ಚಹಾ ಕುಡಿಯುತ್ತಿದ್ದೆವು. ಚಹಾ ಕುಡಿದರೆ ಮತ್ತೆ ಹೋಗಬೇಕಾಗುತ್ತಿತ್ತು.

ಭಾವ ಸಂಜೆ ಆಫೀಸಿನಿಂದ ಬಂದವರೇ ಟೈ ಸಮೇತ ಗುಂಡಿಗೆ ಇಳಿಯುತ್ತಿದ್ದರು. ಹೊಸ ಪೈಪಿನ ಕೆಳಗೆ ಮರಳು ಸರಿಯಾಗಿ ಹಾಸಿದೆಯೇ, ಇಳಿಜಾರು ಸಾಕೇ ಎಂದು ರಸಮಟ್ಟ ಇಟ್ಟು ನೋಡುತ್ತಿದ್ದರು. ಪಾಕ್‌ಚಿಕ್‌ಗೆ ಒಂದು ದಿನ ರೇಗಿತು. “ಬಾಸ್, ಯು ಕಂಪ್ಯೂಟರ್, ಮೀ ಪೈಪ್. ನೋ ಮಿಕ್ಸ್ ಲಾ.”

“ಆಫೀಸಲ್ಲೂ ನಂಗೆ ಎಲ್ರೂ ಹಿಂಗೇ ಅನ್ನೋದು” ಎಂದು ಭಾವ ನನಗೆ ಹೆಮ್ಮೆಯಿಂದ ಹೇಳಿದರು.

ಆಮೇಲೆ ಆದದ್ದು ನನ್ನಿಂದ. ಒಂದು ಬೆಳಿಗ್ಗೆ ಮನೆಯಲ್ಲಿ ನಾನೊಬ್ಬನೇ ಇದ್ದೆ. ಧೂಳು ಹಜಾರಕ್ಕೆ ಬಾರದಂತೆ ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಕಟ್ಟಿತ್ತು. ಪಾಕ್‌ಚಿಕ್ ಅದರ ಸಂದಿನಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ, “ಸುದಾ, ಬಾಸ್. ಸುದಾ” ಎಂದು ಹೇಳಿ ಮಕಾನ್‌ಗೆ, ಎಂದರೆ ಊಟಕ್ಕೆ, ಹೊರಟರು.

ನೀವೇ ಹೇಳಿ. ಈ ದೇಶದಲ್ಲಿ ಮುಖಕ್ಕೆ ಮುಕ ಅನ್ನುತ್ತಾರೆ, ಭಾಷೆಗೆ ಬಹಾಸ ಅನ್ನುತ್ತಾರೆ. ಹಾಗಿರುವಾಗ ಸುದಾ ಎಂದರೆ ಏನು? ಶುದ್ಧ! ಇಷ್ಟು ಸುಲಭದ ಮಲಾಯ್ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಪರದೆ ಎತ್ತಿ ನೋಡುವ ಬುದ್ಧಿಯೂ ಬರಲಿಲ್ಲ. ಕೂಡಲೇ ಭಾವನಿಗೆ ಫೋನು ಮಾಡಿ, “ಎಲ್ಲಾ ಶುದ್ಧ ಆಯ್ತಂತೆ ಭಾವ” ಎಂದೆ.

ಛತ್ರಿಯನ್ನೂ ಕುರ್ಚಿಯನ್ನೂ ನಂಬದ ಮನುಷ್ಯ ಆ ಒಂದು ಮಾತನ್ನು ಹಾಗೆಯೇ ನಂಬಿದರು. ಆಸೆ ಎಂಬುದು ಟೆಸ್ಟಿಂಗ್ ಮಾಡುವವರನ್ನೂ ಬಿಡುವುದಿಲ್ಲ. ಮಗಳಿಗೆ ಫೋನು ಹೋಯಿತು, ಅವರು ಆ ಗಳಿಗೆಯಲ್ಲೇ ಹೊರಟರು. ಭಾವ ಅರ್ಧ ದಿನ ರಜ ಹಾಕಿ ಊಟ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡು, ಒಂದಿಷ್ಟು ಸಿಹಿಯನ್ನೂ ಕಟ್ಟಿಸಿಕೊಂಡು ಬಂದರು. ಪರದೆ ಎತ್ತಿದರು. ಗುಂಡಿ ಹಾಗೇ ಬಾಯಿ ಬಿಟ್ಟುಕೊಂಡಿತ್ತು.

“ಸುದಾ ಅಂದ್ರೆ ‘ಆಯ್ತು’ ಅಂತ ಕಣಯ್ಯ” ಎಂದರು ಭಾವ, ಮೆಲ್ಲಗೆ. “ಪೈಪ್ ಕೂರಿಸಿದ್ದು ಆಯ್ತು ಅಂದಿರ್ತಾರೆ. ಗುಂಡಿ ಮುಚ್ಚೋದು, ನೆಲ ಮಾಡೋದು, ಎಲ್ಲಾ ಬಾಕಿ ಇದೆ.”

“ಬರ್ಬೇಡಿ ಅಂತ ಹೇಳಿಬಿಡೋಣ ಭಾವ.”

“ಎಳೇ ಮಗೂನ ಇಟ್ಕೊಂಡು ಆಗ್ಲೇ ಇಪೋ ದಾಟಿ ಅರ್ಧ ದಾರಿ ಬಂದಿದಾರೆ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಊಟವಾದರೂ ಇಳಿಯುತ್ತಿತ್ತು.

ಕಾರು ಬಂತು. ಬೀಗಿತ್ತಿ ಮೊದಲು ಇಳಿದು, ನೆಟ್ಟಗೆ ಒಳಗೆ ಹೋಗಿ ಪರದೆ ಸರಿಸಿದರು.

“ಶುದ್ಧ ಆಯ್ತು ಅಂದ್ರಿ. ಇದೇನ್ ಬೀಗ್ರೆ, ಬಾವಿ ತೋಡಿಸ್ತಿದ್ದೀರಾ?”

“ನನ್ದೇ ತಪ್ಪು ಅಮ್ಮಾ” ಎಂದರು ಭಾವ. ನನ್ನ ಹೆಸರೆತ್ತಲಿಲ್ಲ.

“ತಪ್ಪು ಸರಿ ಆಮೇಲೆ. ಹಸೀ ಬಾಣಂತೀನ ಇಲ್ಲಿ ಹೆಂಗೆ ಬಿಡ್ಲಿ ಹೇಳಿ? ನಡಿಯಮ್ಮಾ, ಕಾರು ಹತ್ತು.”

ಮಗಳು ಮಗುವನ್ನು ಎದೆಗೊತ್ತಿಕೊಂಡು ಅತ್ತೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. ಭಾವನ ಟೈ ಮೇಲೆ ಮಣ್ಣಾಗಿತ್ತು. “ಒಂದೇ ಒಂದು ಸಲ ನೀರು ಬಿಟ್ಟು ತೋರಿಸ್ತೀನಿ ಅಮ್ಮಾ” ಎಂದರು. “ಗುಂಡಿ ನಾಳೆ ಮುಚ್ಕೊಳತ್ತೆ. ನೀರು ಹೋಗುತ್ತೋ ಇಲ್ವೋ ನೋಡ್ಬಿಡಿ. ಹೋಗ್ಲಿಲ್ಲ ಅಂದ್ರೆ ನಾನೇ ಕಾರಿನ ಬಾಗ್ಲು ತೆಗೀತೀನಿ.”

ಬಚ್ಚಲಿನ ಕಡೆ ಹೊಸ ಪೈಪಿನ ಬಾಯಿ ಇನ್ನೂ ಜಾಲರಿ ಕೂರಿಸದೆ ತೆರೆದೇ ಇತ್ತು. ಭಾವ ನನ್ನ ಕೈಗೆ ಒಂದು ನಿಂಬೆಹಣ್ಣು, ಅರಿಶಿನ ಕದಡಿದ ಒಂದು ಬಕೆಟ್ ನೀರು ಕೊಟ್ಟರು. ಮೊದಲು ನಿಂಬೆಹಣ್ಣು ಬಿಡಬೇಕು, ಹಿಂದೆಯೇ ನೀರು ಸುರಿಯಬೇಕು. ಪೈಪಿನ ಇಳಿಜಾರು ಸರಿಯಿದ್ದರೆ ಹಣ್ಣು ಎಲ್ಲೂ ತಂಗದೆ ಉರುಳಿ ಹೋಗಬೇಕು. ಎಲ್ಲಾದರೂ ಸೋರಿದರೆ ಗುಂಡಿಯಲ್ಲಿ ಅರಿಶಿನ ಕಾಣಬೇಕು. ಭಾವ ಹಿತ್ತಲ ಓಣಿಗೆ ಹೋಗಿ ಮ್ಯಾನ್‌ಹೋಲಿನ ಮುಚ್ಚಳ ತೆಗೆದು, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಬೀಗಿತ್ತಿ ಮೂಗಿಗೆ ಸೆರಗು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತರು.

ನಿಂಬೆಹಣ್ಣು, ಅರಿಶಿನ ಕಂಡದ್ದೇ ಊಟ ಮುಗಿಸಿ ಮರಳಿದ್ದ ಪಾಕ್‌ಚಿಕ್ ತಲೆಯ ಮೇಲಿನ ಟೋಪಿ ತೆಗೆದು, ಗುಂಡಿಯಿಂದ ಹಿಂದೆ ಸರಿದು ನಿಂತರು. ನನ್ನ ಕಿವಿಯ ಹತ್ತಿರ ಬಂದು, “ಪೂಜಾ?” ಎಂದು ಪಿಸುಗುಟ್ಟಿದರು. ನಾನು ಹೌದೆಂದು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ನಾನು ಮಾಡುತ್ತಿದ್ದದ್ದು ಅದನ್ನೇ.

ಹಣ್ಣು ಬಿಟ್ಟೆ. ನೀರು ಸುರಿದೆ. ಗುಂಡಿ ಒಣಗಿಯೇ ಇತ್ತು. ಆದರೆ ಓಣಿಯ ಕಡೆಯಿಂದ ಏನೂ ಸದ್ದಿಲ್ಲ. ಎಲ್ಲಿ ಸಿಕ್ಕಿಕೊಂಡಿತು? ಇನ್ನೊಂದು ಬಕೆಟ್ ತಂದು ಸುರಿದೆ. ಬೀಗಿತ್ತಿ ಮೂಗು ಮುಚ್ಚಿದ್ದನ್ನು ಮರೆತು ಎರಡೂ ಕೈ ಜೋಡಿಸಿ “ಗಂಗಮ್ಮ ತಾಯೀ” ಎಂದದ್ದು ನನ್ನ ಕಿವಿಗೆ ಬಿತ್ತು. ಕಾರು ಹತ್ತಿಸಲು ಬಂದವರು ಹಣ್ಣು ಬರಲಿ ಎಂದು ಕೇಳಿಕೊಳ್ಳುತ್ತಿದ್ದರು. ಅವರಿಗೇ ಅದು ಗೊತ್ತಾಗಿರಲಿಲ್ಲ.

“ಬಂತು” ಎಂದರು ಭಾವ. ಕೂಗಲಿಲ್ಲ. ಓಡಿಹೋಗಿ ನೋಡಿದೆ. ಹಳದಿ ನೀರು ಜುಳುಜುಳು ಹರಿಯುತ್ತಿತ್ತು, ಅದರಲ್ಲಿ ನಿಂಬೆಹಣ್ಣು ಗಿರಗಿರ ತಿರುಗುತ್ತಿತ್ತು.

ಪಾಕ್‌ಚಿಕ್ ಟೋಪಿ ಹಾಕಿಕೊಂಡು, “ಸುದಾ, ಬಾಸ್?” ಎಂದರು.

“ಸುದಾ ಅಲ್ಲ ಪಾಕ್‌ಚಿಕ್” ಎಂದರು ಭಾವ. “ಶುದ್ಧ.”

ಬೀಗಿತ್ತಿ ಹೊರಗೆ ಹೋಗಿ, ಕಾರು ಓಡಿಸಿಕೊಂಡು ಬಂದಿದ್ದ ಮಗನಿಗೆ, “ತೊಟ್ಟಿಲು ಇಳ್ಸೋ” ಎಂದರು.

ಮರುದಿನ ಬೆಳಿಗ್ಗೆ ಗುಂಡಿಯ ಮೇಲೆ ಹಲಗೆ ಹಾಸಿ ಬಚ್ಚಲಿಗೆ ದಾರಿ ಮಾಡಿದ್ದೆವು. ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಸೆಗೆ ನೀರು ಎರೆಯಲು ಒಳಗೆ ಹೋದರು. ಬಚ್ಚಲಿನ ಬಾಗಿಲು ಹಾಕಿಕೊಂಡಿತು. ಹೊರಗಿನ ಒಲೆಯಿಂದ ನಾನು ನೀರು ಹೊತ್ತು ತರುವುದು, ಭಾವ ಅದನ್ನು ಬಾಗಿಲ ಹತ್ತಿರ ಇಡುವುದು, ಬೀಗಿತ್ತಿ ಕೈ ಚಾಚಿ ತೆಗೆದುಕೊಳ್ಳುವುದು. ಒಳಗೆ ಸುರಿದ ನೀರು ನಮ್ಮ ಕಾಲಡಿಯ ಹಲಗೆಯ ಕೆಳಗೆ ಸರಾಗವಾಗಿ ಹರಿದು ಹೋಗುವುದು ಕೇಳಿಸುತ್ತಿತ್ತು. ಭಾವ ತಲೆಬಗ್ಗಿಸಿ ಅದನ್ನೇ ಕೇಳುತ್ತಿದ್ದರು.

ಬಿಸಿಬಿಸಿ ನೀರು ಒಮ್ಮೆಗೇ ಬೆನ್ನಿಗೆ ಬಿದ್ದಿರಬೇಕು. ಒಳಗಿನಿಂದ ಮಗಳು, “ಅಮ್ಮಾ” ಎಂದಳು.

ಯಾರಾದರೂ ಅನ್ನುವ ಮಾತೇ. ನೀರು ಬಿದ್ದರೂ ಅನ್ನುತ್ತೇವೆ, ಕಾಲು ಎಡವಿದರೂ ಅನ್ನುತ್ತೇವೆ. ಅದು ಯಾರನ್ನೂ ಕರೆದದ್ದಲ್ಲ.

ಭಾವ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ನಿಂತು, “ಏನವ್ವಾ? ಇಲ್ಲೇ ಇದ್ದೀನಿ” ಎಂದರು.

ಚೊಂಬಿನ ಸದ್ದು ನಿಂತಿತು. ನೀರು ಎರೆಯುತ್ತಿದ್ದ ಬೀಗಿತ್ತಿಯೂ ಓಗೊಡಬಹುದಿತ್ತು, ಅವರು ಓಗೊಡಲಿಲ್ಲ. ಮಗಳು, “ಏನಿಲ್ಲ... ಅಲ್ಲೇ ಇರಿ” ಎಂದಳು.