ಪಾಪಕ್ಕೆ ಬಣ್ಣ ಹುಡುಕಿದ ಮಾವ

ಪಾಪದ ಬಗ್ಗೆ ನಮ್ಮ ಮಾವನಷ್ಟು ತಲೆ ಕೆಡಿಸಿಕೊಂಡ ಪುಣ್ಯಾತ್ಮ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ನೋಡೋಣ! ಅವರು ಸ್ವತಃ ಮಾಡಿದ ಪಾಪವೋ, ಒಂದೇ ಒಂದು. ಅವರ ಅಪ್ಪ, ಅಂದರೆ ನಮ್ಮ ಅಜ್ಜ, ಹಾಸಿಗೆ ಹಿಡಿದಾಗ ಅಗಡಿ ಊರಿನಲ್ಲಿದ್ದ ಇವರ ಅಣ್ಣ 'ಲಗೂನ ಬಾ' ಎಂದು ಹೇಳಿಕಳಿಸಿದ್ದರು. ತಾವು ಕಲಿಸುತ್ತಿದ್ದ ಶಾಲೆಯ ಪರೀಕ್ಷೆ ಮುಗಿಸಿ ಇವರು ಹೋಗುವಷ್ಟರಲ್ಲಿ ಅಜ್ಜ ಇರಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟು ಹದಿನಾಲ್ಕು ವರ್ಷ.

ಹಣೆತುಂಬ ವಿಭೂತಿ ಬಳಿದುಕೊಳ್ಳುವ ಈ ನಿವೃತ್ತ ಕನ್ನಡ ಮಾಸ್ತರರಿಗೆ ರಾಣೇಬೆನ್ನೂರಿನ ಪಾದ್ರಿಯೊಬ್ಬರು, ಕ್ರೈಸ್ತ ಗ್ರಂಥದ ಕೆಲವು ಭಾಗಗಳನ್ನು ನಮ್ಮ ಕಡೆಯ ಮಾತಿಗೆ ಇಳಿಸಿಕೊಡಿ ಎಂದು ಗಂಟು ಬಿದ್ದರು. ಆಗಷ್ಟೇ ಮೊಬೈಲು ಕೊಂಡಿದ್ದ ಮಾವ ಬೆಳಬೆಳಗ್ಗೆ ನನಗೆ ಫೋನು ಮಾಡಿ, "ಪಾಪ ಅಂದ್ರ ನಿನಗ ಏನ್ ಕಾಣತೈತಿ?" ಎನ್ನುತ್ತಿದ್ದರು. ಹಲ್ಲುಜ್ಜುತ್ತ ನಿಂತವನಿಗೆ ಏನು ಕಾಣಬೇಕು, ನೀವೇ ಹೇಳಿ!

ಬರೆದದ್ದನ್ನು ಜನರಿಗೆ ಓದಿ ಹೇಳುವುದು, ಅವರು ತಲೆದೂಗದಿದ್ದರೆ ಹೊಡೆದುಹಾಕುವುದು, ಇದು ಅವರ ನೇಮ. ಕಡುಗೆಂಪು ಪಾಪವೂ ಹಿಮದಂತೆ ಬೆಳ್ಳಗಾಗುತ್ತದೆ ಎಂಬ ಮಾತು ಬಂತು. ನಮ್ಮಲ್ಲಿ ಹಿಮ ಕಂಡವರು ಯಾರು? ಮಾವ ಹಿಮ ಕಿತ್ತುಹಾಕಿ, 'ಮೆಣಸಿನಕಾಯಿಯಷ್ಟು ಕೆಂಪಗಿದ್ದ ಪಾಪವೂ ಬೆಳ್ಳಗಾದೀತು' ಎಂದು ಬರೆದು, ಬ್ಯಾಡಗಿ ಮಾರುಕಟ್ಟೆಯ ಚೀಲಗಳ ನಡುವೆ ನಿಂತು ಗಟ್ಟಿಯಾಗಿ ಓದಿದರು. ಒಬ್ಬ ರೈತ ಹೌಹಾರಿದ.

"ಬಿಡ್ತು ಅನ್ರಿ ಮಾಸ್ತರ! ಬೆಳ್ಳಗಾದ ಕಾಯಿ ಯಾರ್ ಮುಟ್ತಾರ್ರಿ? ಕೆಂಪಗ ಇರ್ಲಿ ಅಂತ ನಿಮ್ಮ ದೇವರಿಗೆ ಹೇಳ್ರಿ!"

ಮಾವ ಸೀನುತ್ತಲೇ ಆ ಸಾಲು ಹೊಡೆದುಹಾಕಿದರು.

ಸಿಕ್ಕಿಬಿದ್ದದ್ದು ವಿಧೇಯತೆಯ ಮಾತಿನಲ್ಲಿ. ನೊಗಕ್ಕೆ ಹೆಗಲು ಕೊಡಿ, ಅದು ಹಗುರ ಎಂದಿತ್ತು. ನೊಗ ಹಗುರಾಗುವುದು ಹೇಗೆ? ಹೋರಿ ಪಳಗಿಸುವುದರಲ್ಲಿ ಎತ್ತಿದ ಕೈ ಎಂದರೆ ಮಾತು ಬಿಟ್ಟಿದ್ದ ಆ ಅಣ್ಣನೇ! ವಾರಗಟ್ಟಲೆ ಒದ್ದಾಡಿ, ಕೊನೆಗೆ ನನ್ನ ಸ್ಕೂಟರ್ ಹತ್ತಿ ಅಗಡಿಗೆ ಹೊರಟರು.

ದೊಡ್ಡ ಮಾವ ಕೊಟ್ಟಿಗೆಯಲ್ಲಿದ್ದರು. ಮಾವ ಪುಸ್ತಕ ಬಿಚ್ಚಿ, ಎತ್ತಿನ ಮುಖ ನೋಡುತ್ತ ಕೇಳಿದರು: "ನೊಗ ಹಗುರ ಆಗೂದು ಹೆಂಗ?"

ದೊಡ್ಡ ಮಾವನೂ ಎತ್ತಿಗೇ ಉತ್ತರ ಕೊಟ್ಟರು: "ಹೊಸಾ ಹೋರಿನ ಹಳೇ ಎತ್ತಿನ ಜೋಡಿ ಹೂಡ್ತಾರ. ಭಾರ ಹಳೇದು ಹೊರತೈತಿ. ಹೊಸಾದು ಬಾಜೂಕ ನಡದ್ರ ಸಾಕು."

ಮಾವನ ಪೆನ್ಸಿಲು ನಿಂತಿತು. "ಅಣ್ಣಾ, ತಪ್ಪಾತೋ. ಅಪ್ಪನ ಭಾರ ಎಲ್ಲಾ ನೀ ಒಬ್ಬನ ಹೊತ್ತಿ."

ದೊಡ್ಡ ಮಾವ ಆಗ ತಮ್ಮನ ಕಡೆ ತಿರುಗಿದರು. "ಭಾರದ್ದೇನೋ ತಮ್ಮಾ... ಬಾಜೂಕ ನೀ ಇರಲಿಲ್ಲ, ಅದ ಸಂಕಟ ಆಗಿತ್ತು."

ಮಾವ ಅಣ್ಣನ ಹೆಗಲಿಗೆ ಮುಖವಿಟ್ಟು ಬಿಕ್ಕಿದರು. ಎತ್ತಿನ ಮೈ ಸವರುವ ನೆಪದಲ್ಲಿ ನಾನೂ ಕಣ್ಣೊರೆಸಿಕೊಂಡೆ.