ದೋಣಿಗೊಂದು ಬಚ್ಚಲು

ನಮ್ಮ ದೊಡ್ಡಪ್ಪನಿಗೆ ಈಜು ಬರುವುದಿಲ್ಲ. ಹುಟ್ಟು ಹಿಡಿದವನಲ್ಲ, ಬಲೆ ಬೀಸಿದವನಲ್ಲ, ಪಕ್ಕದ ಮನೆಯಲ್ಲಿ ಮೀನು ಹುರಿದರೆ ಮೂಗು ಮುಚ್ಚಿಕೊಂಡು ಬೀದಿ ದಾಟುವ ಆಸಾಮಿ. ಆದರೂ ಇಡೀ ಹೊಸದುರ್ಗ ತಾಲ್ಲೂಕಿನಲ್ಲಿ ಸ್ವಂತ ದೋಣಿಯೊಳಗೆ ಅಡುಗೆಮನೆ, ದೇವರಗೂಡು, ಅಟ್ಟ ಎಲ್ಲವನ್ನೂ ಕೂರಿಸಿದ ಮನುಷ್ಯ ಅಂತ ಇದ್ದರೆ ಅವನೊಬ್ಬನೇ! ಇನ್ನೊಬ್ಬನಿದ್ದರೆ ಹೇಳಿ, ನಾನು ಇಲ್ಲಿಗೇ ಪೆನ್ನು ಮುಚ್ಚುತ್ತೇನೆ.

ಇಲ್ಲವಲ್ಲ? ಹಾಗಾದರೆ ಕೇಳಿ.

ದೊಡ್ಡಪ್ಪ ಮೂವತ್ತು ವರ್ಷ ಚಿತ್ರದುರ್ಗದ ಒಂದು ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಗಿಯಾಗಿದ್ದ. ಆಗೆಲ್ಲ ಹೊಸ ಲಾರಿ ಅಂದರೆ ಎಂಜಿನ್ನು, ಚಕ್ರ, ನಡುವೆ ಎರಡು ಕಬ್ಬಿಣದ ತೊಲೆ, ಅಷ್ಟೇ. ಡ್ರೈವರ್ ಕೂರುವ ಕ್ಯಾಬಿನ್, ಅವನು ಮಲಗುವ ಹಲಗೆ, ದೇವರ ಪಟದ ಗೂಡು, ಹಿಂದಿನ ಮೈ, ಎಲ್ಲವೂ ಶೆಡ್ಡಿನಲ್ಲೇ ಹುಟ್ಟಬೇಕು. ಭಾನುವಾರ ಬಸ್ಸಿನಲ್ಲಿ ಊರಿಗೆ ಬರುವುದು, ಸೋಮವಾರ ಮೊದಲ ಬಸ್ಸಿಗೆ ದುರ್ಗಕ್ಕೆ ಹೋಗುವುದು. ದೊಡ್ಡಮ್ಮನ ಜೊತೆ ಅವನ ಸಂಸಾರವೆಲ್ಲ ಭಾನುವಾರಗಳಲ್ಲೇ ನಡೆಯಿತು.

ನಾನು ಬಿ.ಎಸ್ಸಿ. ಮಾಡಿದ್ದೂ ಅದೇ ಶೆಡ್ಡಿನಲ್ಲಿ ಮಲಗಿ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹಾಸ್ಟೆಲ್ಲಿನಲ್ಲಿ ಜಾಗ ಸಿಗದೆ ನಿಂತಾಗ ದೊಡ್ಡಪ್ಪ, "ಲೇ, ಬಾರೋ, ಲಾರಿಯಾಗೆ ಮಲಗು" ಅಂದ. ಅವನು ಆಗತಾನೇ ಕಟ್ಟಿದ ಕ್ಯಾಬಿನ್ನಿನಲ್ಲಿ ಹಾಸಿಗೆ ಬಿಚ್ಚುತ್ತಿದ್ದೆ. ಗಿರಾಕಿ ಬಂದು ಲಾರಿ ಹೊಡೆದುಕೊಂಡು ಹೋದರೆ ನನ್ನ ಹಾಸಿಗೆ ಮುಂದಿನ ಲಾರಿಗೆ. ಮೂರು ವರ್ಷದಲ್ಲಿ ನನ್ನಷ್ಟು ಮನೆ ಬದಲಾಯಿಸಿದ ವಿದ್ಯಾರ್ಥಿ ಕರ್ನಾಟಕದಲ್ಲೇ ಇರಲಾರ! ಒಮ್ಮೆ ದಿಂಬಿನಡಿ ಭೌತಶಾಸ್ತ್ರದ ನೋಟ್ಸ್ ಇಟ್ಟು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಆ ಲಾರಿ ಅದಿರು ತುಂಬಿಕೊಂಡು ಬರಲು ಬಳ್ಳಾರಿ ಕಡೆ ಹೊರಟುಹೋಗಿತ್ತು. ನನ್ನ ನೋಟ್ಸ್ ನನಗಿಂತ ಮೊದಲೇ ಜಿಲ್ಲೆ ದಾಟಿತು.

ಶೆಡ್ಡು ಬಿಡುವ ದಿನ ದೊಡ್ಡಪ್ಪ ಒಂದು ಮಾತು ಹೇಳಿದ. "ಮೂವತ್ತು ವರ್ಷ ದೇಶ ಸುತ್ತೋ ಗಾಡಿ ಕಟ್ಟಿದೀನಿ ಕಣೋ. ನಾನು ಕಟ್ಟಿದ್ರಾಗೆ ಕುಂತ್ಕಂಡು ನಾನು ಇಲ್ಲೇ ಪಕ್ಕದ ಜೋಗಿಮಟ್ಟಿ ಗುಡ್ಡದ ತನಕ್ಲೂ ಹೋಗಿಲ್ಲ."

ನಾನು ನಕ್ಕೆ. ಅದು ತಮಾಷೆಯಲ್ಲ ಅಂತ ತಿಳಿದದ್ದು ದೋಣಿ ಬಂದ ಮೇಲೆ.

ತೊಂಬತ್ತರ ದಶಕದ ಕೊನೆಯ ಮಾತು. ಮಾರಿಕಣಿವೆ ಅಣೆಕಟ್ಟೆಯ ಹತ್ತಿರದ ಒಬ್ಬ ಸಾಹುಕಾರರು ಒಂದು ಕಾಲಕ್ಕೆ ಜನರನ್ನು ಕೂರಿಸಿ ನೀರಿನಲ್ಲಿ ಸುತ್ತಿಸಲು ಕಬ್ಬಿಣದ ದೊಡ್ಡ ದೋಣಿ ಇಟ್ಟಿದ್ದರಂತೆ. ಎಂಜಿನ್ನು ಕೆಟ್ಟು, ಅದು ದಡದಲ್ಲಿ ಮಗುಚಿಕೊಂಡು, ಅದರಡಿ ನಾಯಿ ಮರಿ ಹಾಕುತ್ತಿತ್ತು. ದೊಡ್ಡಪ್ಪ ಕಟ್ಟಿದ ಕೊನೆಯ ಲಾರಿ ಅವರದೇ. "ಕೂಲಿ ಬ್ಯಾಡ, ಆ ದೋಣಿ ಕೊಡ್ರಿ" ಅಂದನಂತೆ ಪುಣ್ಯಾತ್ಮ! ಅವರು ಇವನ ಮನಸ್ಸು ಬದಲಾಗುವ ಮೊದಲೇ ಅದೇ ಲಾರಿಯಲ್ಲಿ ದೋಣಿ ಹೇರಿಸಿ ಕಳಿಸಿದರು.

ನಮ್ಮ ಊರು ಆ ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿದೆ. ಒಳ್ಳೆಯ ಮಳೆಯಾದ ವರ್ಷ ನೀರು ನಮ್ಮ ಹೊಲದ ಬದುವಿನವರೆಗೂ ಬಂದು ನಿಲ್ಲುತ್ತದೆ. ಇಲ್ಲದ ವರ್ಷ ಅದನ್ನು ನೋಡಬೇಕಾದರೆ ಬುತ್ತಿ ಕಟ್ಟಿಕೊಂಡು ನಡೆಯಬೇಕು. ದೋಣಿ ಬಂದದ್ದು ಬುತ್ತಿ ಕಟ್ಟುವ ವರ್ಷ. ಅಂಗಳದಲ್ಲಿ ನಾನೂ ಕೈಹಾಕಿ ಅದನ್ನು ಇಳಿಸಿದಾಗ ದೊಡ್ಡಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ರಿ ಇದು?"

"ಮನೆ ಕಣೇ. ಒಳಗೆಲ್ಲ ನಾನೇ ಮಾಡ್ತೀನಿ. ಹಿನ್ನೀರು ಬರ್ಲಿ, ತೇಲಿಸ್ಕಂಡು ಇಬ್ರೂ ಹೋಗಾಣ. ನಿನ್ನ ತವರು ಎದುರಿಗೇ ಐತಲ್ಲ, ಮನೆಯಿಂದ ಇಳೀದೆ ಮನೆಗೆ ಹೋಗಿ ಬರಬೋದು!"

ದೊಡ್ಡಮ್ಮನ ಮುಖ ನೋಡಬೇಕಿತ್ತು. ಅವಳಿಗೂ ಆ ನೀರಿಗೂ ಹಳೆಯ ಜಗಳ. ಅವಳ ತವರು ಆಚೆ ದಡ. ಮದುವೆಯಾಗಿ ಬರುವಾಗ ಹರಿಗೋಲಿನಲ್ಲಿ ಕರೆತಂದರಂತೆ. ನಡುನೀರಿನಲ್ಲಿ ಹರಿಗೋಲು ಗಿರಗಿರನೆ ತಿರುಗಿ, ಸೀರೆ ತುಂಬಿದ ಟ್ರಂಕು ನೀರಿಗೆ ಹೋಯಿತು. ತವರಿನ ಸಾಮಾನಿನಲ್ಲಿ ಉಳಿದದ್ದು ಅವಳು ತಬ್ಬಿಕೊಂಡು ಕೂತಿದ್ದ ತಾಮ್ರದ ಹಂಡೆ ಒಂದೇ. ಆವತ್ತಿನಿಂದ ಅಂಗಳದಲ್ಲಿ ನಿಂತರೆ ಕಾಣುವ ತವರಿಗೆ ಅವಳು ಹೊಸದುರ್ಗ, ಹಿರಿಯೂರು ಅಂತ ಬಸ್ಸು ಬದಲಾಯಿಸಿ ಇಡೀ ದಿನ ಸುತ್ತು ಹೊಡೆದು ಹೋಗುತ್ತಾಳೆ.

ಅವಳು ದೊಡ್ಡಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನೆಲ ಬಿಟ್ಟು ಏಳೋ ಮನೇಲಿ ನಾನು ಕಾಲಿಡಲ್ಲ ಅಂತ ಹೇಳೋ ನಿಮ್ಮ ದೊಡ್ಡಪ್ಪಂಗೆ!"

ದೊಡ್ಡಪ್ಪ ಎರಡು ಮೊಳ ದೂರದಲ್ಲಿ ನಿಂತಿದ್ದ.

"ಒಳಗಿಂದು ಮುಗೀಲಿ, ಕರಕಂಡೇ ಹೋಗ್ತೀನಿ ಅಂತ ಹೇಳೋ ನಿಮ್ಮ ದೊಡ್ಡಮ್ಮಂಗೆ."

ಅಲ್ಲಿಂದ ಎರಡು ವರ್ಷ ಅವರಿಬ್ಬರ ನಡುವಿನ ತಂತಿ ನಾನು! ಆಗಲೇ ನನಗೆ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸವಾಗಿತ್ತು. ವಾರವೆಲ್ಲ ಮಕ್ಕಳಿಗೆ ಪಾಠ, ಭಾನುವಾರ ಇವರಿಗೆ ಟಪಾಲು. ವಾರದ ನಡುವೆ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಬಹುಶಃ ಹಸುವಿನ ಮೂಲಕ ಮಾತಾಡುತ್ತಿದ್ದರು.

ಕೆಲಸ ಶುರುವಾಯಿತು. ದೋಣಿಯನ್ನು ನೆಟ್ಟಗೆ ಮಾಡಿ ಕಲ್ಲುಗಳ ಮೇಲೆ ಕೂರಿಸಿದ್ದಾಯಿತು. ಆದರೆ ಮೂವತ್ತು ವರ್ಷ ಲಾರಿ ಕಟ್ಟಿದ ಕೈಗೆ ದೋಣಿಯೇನು, ಅರಮನೆ ಕೊಟ್ಟರೂ ಲಾರಿಯೇ ಆಗುತ್ತದೆ! ಒಳಗೆ ಮಡಿಸುವ ಹಲಗೆ ಮಂಚ, ಮಂಚದಡಿ ಸಾಮಾನಿನ ಪೆಟ್ಟಿಗೆ. ಎದುರಿಗೆ ಡ್ರೈವರ್ ಸೀಟು. ಅದರ ಮುಂದೆ, ಎಲ್ಲಿಂದ ತಂದನೋ, ಒಂದು ಸ್ಟೇರಿಂಗ್. ಅದು ಯಾವುದಕ್ಕೂ ತಗುಲಿಕೊಂಡಿರಲಿಲ್ಲ, ಸುಮ್ಮನೆ ತಿರುಗುತ್ತಿತ್ತು. ಪಕ್ಕದಲ್ಲಿ ಹಿಂದಿನ ಗಾಡಿ ನೋಡುವ ಕನ್ನಡಿ. ಹಿಂಬದಿಗೆ ಹಳದಿ ಬಣ್ಣ, ಎರಡು ತಾವರೆ, ನಡುವೆ 'ಸೌಂಡ್ ಹಾರ್ನ್'.

"ದೊಡ್ಡಪ್ಪ, ನೀರಿನಲ್ಲಿ ಯಾರು ಓವರ್‌ಟೇಕ್ ಮಾಡ್ತಾರೆ?"

"ಮೀನು ಮಾಡಲ್ವೇನೋ?"

ಆಮೇಲೆ ವಾಸ್ತು ನೋಡಲು ಮಾಡದಕೆರೆ ಕಡೆಯಿಂದ ಒಬ್ಬ ಶಾಸ್ತ್ರಿಗಳು ಬಂದರು. ಒಲೆ ಆಗ್ನೇಯಕ್ಕೆ ಇರಬೇಕು ಅಂದರು. ಇದೆ ಅಂದ ದೊಡ್ಡಪ್ಪ. ಅವರು ದೋಣಿಯನ್ನು ಎರಡು ಸುತ್ತು ಹಾಕಿ ಯೋಚಿಸಿ, "ಇದು ನೀರಿಗಿಳಿದ ಮೇಲೆ ತಿರುಗಲ್ವೇನ್ರಿ? ಆಗ ಒಲೆ ವಾಯವ್ಯಕ್ಕೆ ಬಂದ್ರೆ?" ಅಂದರು. ನಮ್ಮ ಊರಿನ ಇತಿಹಾಸದಲ್ಲಿ ಇಂಥ ಪ್ರಶ್ನೆ ಹಿಂದೆ ಎದ್ದಿರಲಿಲ್ಲ. ದೊಡ್ಡಪ್ಪ ಅರೆಕ್ಷಣವೂ ತಡಮಾಡಲಿಲ್ಲ. "ಅನ್ನ ಬೇಯೋ ತನಕ ಹುಟ್ಟು ಹಾಕಿ ಆಗ್ನೇಯಕ್ಕೇ ಹಿಡಕಂತೀನಿ ಬಿಡ್ರಿ." ಶಾಸ್ತ್ರಿಗಳು ಕಾಫಿ ಕುಡಿದು ಬಸ್ಸು ಹತ್ತಿದರು.

ತಮಾಷೆಯೆಂದರೆ, ಕಾಲಿಡಲ್ಲ ಅಂದಿದ್ದ ದೊಡ್ಡಮ್ಮನಿಗೆ ಒಳಗಿನ ಸುದ್ದಿಯೆಲ್ಲ ಬೇಕು! "ಒರಳು ಎಲ್ಲಿ ಇಡ್ತಾರಂತೆ ಕೇಳೋ. ಸುಮ್ನೆ ಕೇಳಿದೆ, ನಾನೇನು ಹೋಗಲ್ಲ." ಮುಂದಿನ ಭಾನುವಾರ ಒರಳಿಗೆ ಜಾಗ ಆಗಿರುತ್ತಿತ್ತು. "ರಾಗಿ ಹಿಟ್ಟಿನ ಡಬ್ಬ ಅಷ್ಟು ಮೇಲಿಟ್ಟರೆ ಯಾರ ಕೈಗೆ ಎಟುಕ್ತೈತೆ ಅಂತ ಕೇಳೋ. ನಂಗಂತಲ್ಲ." ಮುಂದಿನ ವಾರ ಹಲಗೆ ಒಂದು ಗೇಣು ಕೆಳಗೆ ಇಳಿದಿರುತ್ತಿತ್ತು. ನಾನು ನಡುವೆ ನಿಂತು ಗಂಭೀರವಾಗಿ ಸುದ್ದಿ ಸಾಗಿಸುತ್ತಿದ್ದೆ.

ಎರಡನೆಯ ವರ್ಷ ದೋಣಿ ಸೋರುತ್ತದೆಯೋ ಇಲ್ಲವೋ ನೋಡಬೇಕಾಯಿತು. ಹೊರಗೆ ನೀರಿಲ್ಲವಲ್ಲ, ದೊಡ್ಡಪ್ಪ ಪಂಪು ಹಚ್ಚಿ ದೋಣಿಯೊಳಗೇ ನೀರು ತುಂಬಿಸಿದ! ಮೂರು ದಿನ ಟಾರ್ಚು ಹಿಡಿದು ಅದರಡಿ ತೆವಳುತ್ತಿದ್ದ. ತೊಟ್ಟು ನೀರು ಹೊರಗೆ ಬರಲಿಲ್ಲ. ಒಳಗಿನ ನೀರು ಹೊರಗೆ ಬರದಿದ್ದರೆ ಹೊರಗಿನದೂ ಒಳಗೆ ಬರುವುದಿಲ್ಲ ಅಂತ ನಾನು ವಿಜ್ಞಾನದ ಮುದ್ರೆ ಒತ್ತಿದೆ. "ತೇಲ್ತೈತೆ ಅಲ್ವೇನೋ?" ಅಂದ. ಹೌದು ಅಂದೆ. ಆವತ್ತು ಸಂಜೆ ಅವನು ಸೀಟಿನಲ್ಲಿ ಕೂತು, ಯಾವುದಕ್ಕೂ ತಗುಲದ ಆ ಸ್ಟೇರಿಂಗ್ ಹಿಡಿದು, ಹೊಲದಾಚೆ ನೋಡುತ್ತ ಬಹಳ ಹೊತ್ತು ಇದ್ದ. ಬಾಯಲ್ಲಿ ಸಣ್ಣಗೆ ಎಂಜಿನ್ನಿನ ಸದ್ದನ್ನೂ ಮಾಡುತ್ತಿದ್ದ ಅಂತ ನನ್ನ ಗುಮಾನಿ.

ಉಳಿದದ್ದು ದೊಡ್ಡಮ್ಮನ ಕೊನೆಯ ಪ್ರಶ್ನೆ. "ಬಚ್ಚಲು ಎಲ್ಲೈತಂತೆ?"

"ಸುತ್ತ ನೀರಿರೋವಾಗ ಬಚ್ಚಲು ಯಾಕೆ ಅಂತ ಹೇಳೋ."

"ಹಂಗಾದ್ರೆ ನಾನು ಬಯಲಾಗೆ ನಿಂತು ನೀರು ಹಾಕ್ಕಬೇಕಾ ಅಂತ ಕೇಳೋ!"

ಮಂಡಿ ನೋವಿನ ದೊಡ್ಡಮ್ಮನಿಗೆ ಬೆಳಗಾದರೆ ಒಂದು ಹಂಡೆ ಸುಡುನೀರು ಬೇಕು. ಅದು ಕಾಲಿಗೆ ಬಿದ್ದರೇ ಅವಳು ನೆಟ್ಟಗೆ ನಡೆಯುವುದು. ಎರಡು ವರ್ಷದಲ್ಲಿ ನಾನು ಉತ್ತರವಿಲ್ಲದೆ ವಾಪಸು ತಂದ ಟಪಾಲು ಅದೊಂದೇ.

ಆ ವರ್ಷ ಮಳೆ ಬಂತು. ನೀರು ಹಳ್ಳ ತುಂಬಿ, ಜಾಲಿಗಿಡಗಳನ್ನು ಮುಳುಗಿಸಿ, ಬದುವಿಗೆ ಬಂದು ಕೂತಿತು. ನನಗೆ ತಡೆಯಲಾಗಲಿಲ್ಲ. ದೋಣಿಯನ್ನು ನೀರಿಗೆ ಎಳೆಯಲು ಟ್ರ್ಯಾಕ್ಟರಿನವನಿಗೆ ಹೇಳಿದವನು ನಾನು, ಊರು ಕರೆದವನು ನಾನು, ಮಂಡಕ್ಕಿ ತರಿಸಿದವನೂ ನಾನೇ. ದೊಡ್ಡಪ್ಪ, "ಇರ್ಲಿ ಬಿಡೋ, ಅವಸರ ಏನೈತೆ" ಅಂದ. ವಿನಯ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಂಗಳದ ತುಂಬ ಜನ. ದೊಡ್ಡಮ್ಮ ಹೊಸಿಲಿನಾಚೆ ಬರದೆ ಬಾಗಿಲಲ್ಲಿ ನಿಂತಿದ್ದಳು. ಕಬ್ಬಿಣ ನೀರಿನ ಮೇಲೆ ಹೇಗೆ ತೇಲುತ್ತದೆ ಅಂತ ನಾನು ಊರಿಗೆ ಪಾಠ ಹೇಳಿ, ಕೊನೆಯ ತಪಾಸಣೆಗೆಂದು ಒಳಗೆ ಹತ್ತಿದೆ. ಹಿಂದಿನ ಮೂಲೆಯಲ್ಲಿ ಹೊಸದೊಂದು ತಗಡಿನ ಮರೆ. ಒಳಗೆ ಕಡಪಾ ಕಲ್ಲು ಹಾಸಿದೆ. ಕಲ್ಲು ಒಂದು ಕಡೆಗೆ ನಾಜೂಕಾಗಿ ಇಳಿಜಾರು. ಆ ಇಳಿಜಾರಿನ ಕೊನೆಗೆ ದೋಣಿಯ ತಳದಲ್ಲಿ ಮುಷ್ಟಿ ಹೋಗುವಷ್ಟು ಗುಂಡನೆಯ ತೂತು!

ನಾನು ಹೊರಗೆ ಬಂದು ಎಲ್ಲರೆದುರು ಕೂಗಿಯೇ ಬಿಟ್ಟೆ. "ದೊಡ್ಡಪ್ಪ ದೋಣಿಗೆ ತೂತು ಕೊರೆದಿದ್ದಾನೆ!"

ಊರಿಗೆ ಊರೇ ನಕ್ಕಿತು. "ಲಾರಿ ಕಟ್ಟಿದ ಕೈ ಅಲ್ವೇನ್ರಪ್ಪ, ಮಳೆನೀರು ಇಳಿದು ಹೋಗ್ಲಿ ಅಂತ ಬಿಟ್ಟವನೆ!" ಅಂದ ಒಬ್ಬ. "ಯಜಮಾನ್ರೇ, ನೀರು ಬರಾಕೊಂದು ಬಾಗ್ಲು, ಹೋಗಾಕೊಂದು ಬಾಗ್ಲಾ?" ಅಂದ ಇನ್ನೊಬ್ಬ. ಟ್ರ್ಯಾಕ್ಟರಿನವನು ಒಳ್ಳೆಯ ಮನುಷ್ಯ. "ಒಂದು ತಗಡು ಹಚ್ಚಿ ವೆಲ್ಡಿಂಗ್ ಹೊಡೆದ್ರೆ ಮುಗೀತು. ಮಧ್ಯಾಹ್ನದೊಳಗೆ ತೇಲ್ತೈತೆ, ತಡೀರಿ" ಅಂದ.

"ಬ್ಯಾಡ" ಅಂದ ದೊಡ್ಡಪ್ಪ.

"ಯಾಕ್ರಿ?"

"ಅವಳು ಹಾಕ್ಕಂಡ ನೀರು ಎಲ್ಲಿಗೆ ಹೋಗ್ಬೇಕು?"

ಮತ್ತೆ ನಗು. ಮಂಡಕ್ಕಿ ಮುಗಿದಿತ್ತು, ಜನ ಕರಗಿದರು, ಟ್ರ್ಯಾಕ್ಟರ್ ಹೋಯಿತು. ಮೂರು ದಿನ ತೊಟ್ಟು ನೀರಿಗಾಗಿ ತೆವಳಿದವನಿಗೆ ಇಂಥ ಮರೆವೇ ಅಂತ ನಾನು ಬಗ್ಗಿ ದೋಣಿಯ ಅಡಿ ನೋಡಿದೆ. ತೂತಿನ ಕೆಳಗೆ ಕಲ್ಲು ಜೋಡಿಸಿದ ಪುಟ್ಟ ಕಾಲುವೆ. ಅದು ಕರಿಬೇವಿನ ಗಿಡದ ಬುಡಕ್ಕೆ ಹೋಗಿತ್ತು. ದೋಣಿ ಕೂತಿದ್ದ ಕಲ್ಲುಗಳಿಗೆ ಸುತ್ತಲೂ ಸಿಮೆಂಟು ಕಟ್ಟಿದ್ದ. ದೋಣಿ ನೆಲಕ್ಕೆ ಕಚ್ಚಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದೆ. ಸಿಮೆಂಟು ಒಣಗಿ ವಾರವಾದರೂ ಆಗಿರಬೇಕು. ಹತ್ತು ಟ್ರ್ಯಾಕ್ಟರ್ ತಂದಿದ್ದರೂ ಅದು ನೆಲ ಬಿಟ್ಟು ಏಳುತ್ತಿರಲಿಲ್ಲ.

ಎದ್ದು ನಿಂತಾಗ ದೊಡ್ಡಪ್ಪ ಬದುವಿನ ಕಡೆ, ಬಂದು ನಿಂತ ನೀರನ್ನು ನೋಡುತ್ತಿದ್ದ. ಒಂದು ಸಲ ನೋಡಿ ಈ ಕಡೆ ತಿರುಗಿದ.

ಬಾಗಿಲಲ್ಲಿ ದೊಡ್ಡಮ್ಮ ಇರಲಿಲ್ಲ. ಒಳಗಿನಿಂದ ಬಂದಳು, ಸೊಂಟದ ಮೇಲೆ ತಾಮ್ರದ ಹಂಡೆ. ಹುಣಸೆಹಣ್ಣು ಹಚ್ಚಿ ಬೆಳಗಿದ್ದಳು. ಹೊಸಿಲು ದಾಟಿ, ಅಂಗಳ ದಾಟಿ, ದೋಣಿಯ ಮೆಟ್ಟಿಲ ಮುಂದೆ ನಿಂತಳು. ಸೆರಗು ಸಿಕ್ಕಿಸಿ ಬಲಗಾಲು ಎತ್ತಿ ಮೊದಲ ಮೆಟ್ಟಿಲಿಗೆ ಇಟ್ಟಳು. ಎರಡನೆಯದಕ್ಕೆ ಮಂಡಿ ಏಳಲಿಲ್ಲ.

"ಏನ್ರಿ, ಹಂಡೆ ಒಲೆ ಎಲ್ಲಿ ಮಾಡಿದೀರಿ?"

ಎರಡು ವರ್ಷದ ಅಭ್ಯಾಸ ನೋಡಿ, ನಾನು ದೊಡ್ಡಪ್ಪನ ಕಡೆ ತಿರುಗಿ ಅದನ್ನೇ ಹೇಳಲು ಬಾಯಿ ತೆರೆದೆ. ಅವನು ಆಗಲೇ ಬಂದು ಅವಳ ಕೈಯಿಂದ ಹಂಡೆ ಇಸಿದುಕೊಳ್ಳುತ್ತಿದ್ದ.