ತಕ್ಕಡಿ ಏರಿದ ಸೋದರಮಾವ

ನನ್ನ ಸೋದರಮಾವ ಜೀವಮಾನದಲ್ಲಿ ಎಲ್ಲವನ್ನೂ ನಂಬಿದ್ದಾರೆ, ಬೇರೆಯವರ ತಕ್ಕಡಿಯೊಂದನ್ನು ಬಿಟ್ಟು! ಅಜ್ಜಂಪುರದ ಈರುಳ್ಳಿ ದಲ್ಲಾಳಿ ಎಂದರೆ ಸುಮ್ಮನೆಯೇ? ಚೌಳಹಿರಿಯೂರಿಗೆ ಹೋಗಲಿ, ಕಡೂರಿಗೆ ಬರಲಿ, ಅವರ ಕೈಚೀಲದಲ್ಲಿ ಐದು ಕೆಜಿಯ ಕಬ್ಬಿಣದ ತೂಕದ ಬಟ್ಟೊಂದು ಇದ್ದೇ ಇರುತ್ತಿತ್ತು. ಮೊದಲು ಅದನ್ನಿಟ್ಟು ಎದುರಿನವರ ತಕ್ಕಡಿಯ ಪರೀಕ್ಷೆ, ಆಮೇಲೆ ಕುಶಲಪ್ರಶ್ನೆ. ಹೆಣ್ಣು ನೋಡಲು ಹೋದಾಗಲೂ ಆ ಚೀಲ ಜೊತೆಗಿತ್ತಂತೆ. ಹೆಣ್ಣಿನ ಕಡೆಯವರು, ಪಾಪ, ಗಂಡು ಬೆಲ್ಲ ತಂದಿದ್ದಾನೆಂದು ಅದನ್ನು ನೇರವಾಗಿ ಅಡುಗೆಮನೆಗೆ ಒಯ್ದರಂತೆ!

ನಾನು ವ್ಯಾಪಾರ ಕಲಿತದ್ದೇ ಅವರ ಹಿಂದೆ ಸುತ್ತಾಡಿ. ಆಗ ಕಡೂರಿನ ರಸ್ತೆ ಎಂದರೆ ಗುಂಡಿಗಳ ಮೆರವಣಿಗೆ. ಲಾರಿಯಲ್ಲಿ ಈರುಳ್ಳಿ ಮೂಟೆಗಳ ನೆತ್ತಿಯ ಮೇಲೆ ನಾನು ಹಗ್ಗವನ್ನು ಅಪ್ಪಿಕೊಂಡು ಮಲಗಿದ್ದರೆ, ಮಾವ ಏನನ್ನೂ ಹಿಡಿಯದೆ ನೆಟ್ಟಗೆ ನಿಂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಒಂದು ಹನಿ ಸುಣ್ಣ ಅತ್ತಿತ್ತ ಆಗುತ್ತಿರಲಿಲ್ಲ! "ಕಾಲನ್ನ ನಂಬು ಕಣೋ, ಹಗ್ಗಾನಲ್ಲ" ಎನ್ನುತ್ತಿದ್ದರು. ಆ ಗಾಳಿ, ಆ ಈರುಳ್ಳಿಯ ವಾಸನೆ ಈಗಲೂ ಮೂಗಿನಲ್ಲಿದೆ.

ಅಂಥವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗಿದ್ದಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಹೊಸ್ತಿಲ ಬಳಿ ಪಾದಗಳು ನೆಲಕ್ಕೆ ಅಂಟಿಕೊಳ್ಳತೊಡಗಿದವು. ಎರಡು ಸಲ ಬಿದ್ದರು. ಮತ್ತೆ ಬಿದ್ದರೆ ಸೊಂಟದ ಮೂಳೆ ಮುರಿದೀತು ಎಂದು ಡಾಕ್ಟರು ಎಚ್ಚರಿಸಿದರು. ಅಂದಿನಿಂದ ಅತ್ತೆಯ ಹೆಗಲ ಮೇಲೆ ಕೈಯಿಡದೆ ಮಾವ ಬಚ್ಚಲಿಗೂ ಹೋಗುವಂತಿಲ್ಲ. ಅವರಿಗೋ ಒಂದೇ ಆಸೆ: ಒಬ್ಬರೇ ನಡೆದು ಈರುಳ್ಳಿ ಮಂಡಿಗೆ ಹೋಗಬೇಕು.

ತರೀಕೆರೆಯ ಫಿಸಿಯೋಥೆರಪಿ ಡಾಕ್ಟರಮ್ಮ ಒಂದು ಹಲಗೆಯಂಥ ಯಂತ್ರದ ವಿಷಯ ಹೇಳಿದರು. ಮನೆಯಲ್ಲೇ ಅದರ ಮೇಲೆ ನಿಂತರೆ ಟೀವಿಯಲ್ಲೊಂದು ದೋಣಿ ಕಾಣುತ್ತದೆ. ಎಡಗಾಲಿಗೆ ಭಾರ ಬಿಟ್ಟರೆ ದೋಣಿ ಎಡಕ್ಕೆ, ಬಲಗಾಲಿಗೆ ಬಿಟ್ಟರೆ ಬಲಕ್ಕೆ. ದಡಕ್ಕೆ ಬಡಿಯದಂತೆ ನಡೆಸಿದಷ್ಟೂ ಅಂಕ. ಅಂಕ, ನಿಂತವರ ತೂಕ, ಲೆಕ್ಕವೆಲ್ಲ ಡಾಕ್ಟರಮ್ಮನ ಮೊಬೈಲಿಗೆ ಹೋಗುತ್ತದೆ. "ಅರವತ್ತು ದಾಟ್ಲಿ, ಒಬ್ರೇ ಓಡಾಡೋ ಮಾತು ಆಮೇಲೆ" ಎಂದರು. ನಾನು ಬಾಡಿಗೆಗೆ ತಂದೆ. ನೀವೂ ಅಷ್ಟೇ, ಇಂಥದ್ದನ್ನು ಮೊದಲ ದಿನವೇ ಕೊಳ್ಳಬೇಡಿ. ಬಾಡಿಗೆಗೆ ಕೊಡುವುದಿಲ್ಲ ಎಂದರೆ ಎದ್ದು ಚಪ್ಪಲಿ ಹುಡುಕುವ ನಾಟಕ ಮಾಡಿ, ಕೊಡುತ್ತಾರೆ!

ಮಾವ ಮಾಡಿದ ಮೊದಲ ಕೆಲಸವೇನು ಗೊತ್ತೇ? ಹಲಗೆಯ ಮೇಲೆ ಆ ಐದು ಕೆಜಿ ಬಟ್ಟನ್ನು ಇಡಿಸಿದ್ದು! ಯಂತ್ರ ಹೆಣ್ಣುದನಿಯಲ್ಲಿ, "ದಯವಿಟ್ಟು ಎರಡೂ ಪಾದಗಳನ್ನು ಇಡಿ" ಎಂದಿತು.

"ಬಟ್ಟಿಗೆ ಎಲ್ಲಮ್ಮಾ ಪಾದ?" ಎಂದರು ಮಾವ.

ಅಂತೂ ನಾನು ಹಿಂದೆ ನಿಂತು ಅವರನ್ನೇ ಹತ್ತಿಸಿದೆ. ಬಂದದ್ದು ಮೂವತ್ತೆರಡು.

"ಮೂವತ್ತೆರಡಾ? ನಿಂಗೂ ಬೇಡ, ನಂಗೂ ಬೇಡ, ಐವತ್ತು ಮಾಡ್ಕೊಳಮ್ಮ!"

ಯಂತ್ರ ಜಗ್ಗಲಿಲ್ಲ. ಮಾವನೊಂದಿಗಿನ ಚೌಕಾಶಿಯಲ್ಲಿ ಗೆದ್ದ ಮೊದಲ ಹೆಣ್ಣುದನಿ ಅದು.

ಮುಂದಿನ ವಾರ ಹೋದಾಗ ಮಾವ ಕುರ್ಚಿಯಿಂದಲೇ ಕೂಗಿದರು: "ಲೇ, ಅರವತ್ನಾಲ್ಕು ಕಣೋ!" ನೋಡಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಮೇಲೆ ನಿಂತವರು ಅತ್ತೆ!

"ವಾರದಿಂದ ನಾನೇ ಕಣಪ್ಪ. ಇವರು ದೋಣಿ ಮಾಲೀಕರಂತೆ, ನಾನು ಹುಟ್ಟು ಹಾಕೋಳಂತೆ" ಎಂದರು ಅತ್ತೆ.

ಅಷ್ಟರಲ್ಲಿ ಡಾಕ್ಟರಮ್ಮನ ವಿಡಿಯೋ ಕಾಲ್. "ಅಂಕ ಚೆನ್ನಾಗಿದೆ ಸಾರ್. ಆದ್ರೆ ಒಂದೇ ವಾರದಲ್ಲಿ ಹದಿನೆಂಟು ಕೆಜಿ ಇಳಿದಿದ್ದೀರಲ್ಲ?"

ಮಾವ ಕಣ್ಣು ಮಿಟುಕಿಸಲಿಲ್ಲ. "ಶ್ರಾವಣ ಕಣಮ್ಮ. ಒಪ್ಪತ್ತು."

ನಾನು ಬಾಯಿಗೆ ಕರ್ಚೀಫು ತುರುಕಿಕೊಂಡೆ. ಡಾಕ್ಟರಮ್ಮ ನಗಲಿಲ್ಲ. "ಇರ್ಲಿ, ಯಾರೇ ನಿಂತಿರ್ಲಿ. ಅವರ ಎಡಗಾಲಿಗೆ ಭಾರಾನೇ ಬೀಳ್ತಿಲ್ಲ. ದೋಣಿ ದಡಕ್ಕೆ ಬಡಿದಿಲ್ಲ, ಆದ್ರೆ ದಿನಾ ಬಲಗಡೆ ದಡ ಸವರ್ಕೊಂಡೇ ಹೋಗಿದೆ. ಆ ಕಾಲಿನ ಮಂಡಿ ತುಂಬಾ ನೋಯ್ತಿರ್ಬೇಕು. ಅವರನ್ನೂ ಒಂದ್ಸಲ ಕರ್ಕೊಂಡು ಬನ್ನಿ."

ಫೋನು ಆರಿತು. ಮಾವ ಅತ್ತೆಯನ್ನೇ ನೋಡಿದರು.

"ಯಾವಾಗಿಂದನೇ?"

"ಬಹಳ ದಿನ ಆಯ್ತು. ನೀವು ಬಿದ್ಮೇಲೆ ಒಂಚೂರು ಜಾಸ್ತಿ."

"ಹೇಳೋದಲ್ವೇನೇ? ಇಷ್ಟು ದಿನ ನಿನ್ ಹೆಗಲಿಗೇ ಜೋತ್ಬಿದ್ದಿದ್ದೀನಿ!"

"ಹೇಳಿದ್ರೆ ಕೈ ತೆಗ್ದುಬಿಡ್ತಿದ್ರಿ" ಎಂದರು ಅತ್ತೆ.

ಮಾವ ಕಿಟಕಿಯ ಸರಳು ಹಿಡಿದು, ಎರಡು ಸಲ ಸೋತು, ಮೂರನೆಯ ಸಲ ಮೇಲೆದ್ದರು. ಅತ್ತೆ ಅಭ್ಯಾಸಬಲದಿಂದ ಹೆಗಲು ಕೊಡಲು ಬಂದರು. ಮಾವ ಅವರ ರಟ್ಟೆ ಹಿಡಿದು ಮೆಲ್ಲಗೆ ಕುರ್ಚಿಯ ಕಡೆ ತಿರುಗಿಸಿ, "ನೀನು ಕೂತ್ಕೊ" ಎಂದರು. ತಾವೇ ಹಲಗೆ ಹತ್ತಿದರು. ನಾನು ಹಿಂದೆ ಕೈಚಾಚಿ ನಿಂತೆ. ದೋಣಿ ಆ ದಡಕ್ಕೊಮ್ಮೆ, ಈ ದಡಕ್ಕೊಮ್ಮೆ ಬಡಿಯುತ್ತಲೇ ಇತ್ತು. ಅಂಕ ಎಷ್ಟು ಬಂತೋ, ಯಾರೂ ನೋಡಲಿಲ್ಲ.

ಇಷ್ಟು ವರ್ಷಗಳಲ್ಲಿ, ಮಾವ ನಿಂತಿರುವಾಗ ಅತ್ತೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.